ಎಪಿಫನಿ: ಹಠಾತ್ ಹೊಳಹಿನ ಪದ

ಎಪಿಫನಿ ಗ್ರೀಕ್ ಮೂಲದ ಪದ. ಅದುವರೆಗೆ ಮರೆಯಲ್ಲಿದ್ದುದು ತಟ್ಟನೆ ಕಣ್ಣಿಗೋ ಮನಸ್ಸಿಗೋ ಗೋಚರವಾಗುವುದು ಇದರ ತಿರುಳು. ಇಂದಿನ ಬಳಕೆಯಲ್ಲಿ ಮೂರು ಅರ್ಥಗಳು ಒಟ್ಟಿಗೇ ಬದುಕಿವೆ. ದೇವರು ಮನುಷ್ಯರಿಗೆ ಪ್ರತ್ಯಕ್ಷನಾಗುವುದು ಒಂದು. ಜನವರಿ 6ರಂದು ಕ್ರೈಸ್ತರು ಆಚರಿಸುವ ಹಬ್ಬ ಇನ್ನೊಂದು. ತೀರ ಸಾಮಾನ್ಯವಾದ ಮಾತೋ ನೋಟವೋ ವಸ್ತುವೋ ನೆಪವಾಗಿ, ಬದುಕಿನ ನಿಜವೊಂದು ಒಮ್ಮೆಲೇ ಹೊಳೆದುಬಿಡುವ ಗಳಿಗೆ ಮೂರನೆಯದು. ಮೊದಲಿನದಕ್ಕೆ ಎರಡು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಕೊನೆಯದು ಐರ್ಲೆಂಡಿನ ಲೇಖಕ ಜೇಮ್ಸ್ ಜಾಯ್ಸ್ 20ನೆಯ ಶತಮಾನದ ಆರಂಭದಲ್ಲಿ ಕೊಟ್ಟದ್ದು. ದೇವಾಲಯದಿಂದ ಚರ್ಚಿಗೆ, ಚರ್ಚಿನಿಂದ ಬೀದಿಗೆ, ಬೀದಿಯಿಂದ ಪ್ರಯೋಗಾಲಯಕ್ಕೆ ಈ ಪದ ನಡೆದುಬಂದಿದೆ. ಬೆಳಕು ಯಾರದು ಎಂಬ ಪ್ರಶ್ನೆಗೆ ಉತ್ತರ ಪ್ರತಿ ಸಲವೂ ಬದಲಾಗಿದೆ. ಬದಲಾಗದೆ ಉಳಿದ ಸಂಗತಿ ಒಂದೇ: ಆ ಬೆಳಕು ತಾನಾಗಿ ನಮ್ಮ ಮೇಲೆ ಬೀಳುತ್ತದೆ, ನಾವು ಅದನ್ನು ಕರೆದು ತರುವುದಿಲ್ಲ.

ಪದದ ಹುಟ್ಟು

ಗ್ರೀಕಿನಲ್ಲಿ 'ಎಪಿ' ಎಂದರೆ ಮೇಲೆ, ಕಡೆಗೆ. 'ಫೈನೀನ್' ಎಂದರೆ ತೋರಿಸು, ಬೆಳಕಿಗೆ ತರು. ಎರಡೂ ಕೂಡಿದ 'ಎಪಿಫೈನೆಸ್ತೈ' ಎಂಬ ಕ್ರಿಯೆಗೆ ಎದುರಿಗೆ ಬಂದು ತೋರಿಕೊಳ್ಳು ಎಂಬ ಅರ್ಥ. ಅದರಿಂದ ಬಂದ ನಾಮಪದ 'ಎಪಿಫಾನೆಯಾ'. ಈ ಮನೆತನ ದೊಡ್ಡದು. ಅದರ ಮಕ್ಕಳು ನಮ್ಮ ಮನೆಗಳಲ್ಲೇ ಓಡಾಡಿಕೊಂಡಿದ್ದಾರೆ. ಬೆಳಕು ಎಂಬರ್ಥದ 'ಫೋಸ್'ನಿಂದ ಬಂದ ಫೋಟೋ ಗೋಡೆಯ ಮೇಲಿದೆ. ಉಡುಗೊರೆಗೆ ಸುತ್ತುವ ಸೆಲ್ಲೋಫೇನ್ ಹಾಳೆಯ ಬಾಲದಲ್ಲಿರುವ 'ಫೇನ್' ಕೂಡ ಆಚೆಯದು ಈಚೆಗೆ ತೋರುತ್ತದೆ ಎಂಬುದನ್ನೇ ಹೇಳುತ್ತದೆ.

ಇನ್ನೂ ಹತ್ತಿರದ ನಂಟೊಂದಿದೆ. ಸಂಸ್ಕೃತದ 'ಭಾ' ಧಾತುವಿಗೆ ಬೆಳಗು ಎಂದರ್ಥ. ಭಾನು, ಭಾಸ್ಕರ, ಆಭೆ, ಪ್ರಭೆ ಎಲ್ಲ ಅಲ್ಲಿಂದ ಬಂದವು. ಸಂಸ್ಕೃತದ ಭಕಾರ ಇರುವಲ್ಲಿ ಗ್ರೀಕಿನಲ್ಲಿ ಫಕಾರ ಬರುವುದು ಭಾಷಾವಿಜ್ಞಾನಿಗಳು ಗುರುತಿಸಿರುವ ನಿಯತ ಸಂಬಂಧ: ಇಲ್ಲಿಯ ಭ್ರಾತೃ ಅಲ್ಲಿ ಫ್ರಾತೆರ್, ಇಲ್ಲಿಯ ಭರತಿ ಅಲ್ಲಿ ಫೆರೊ. ಅದೇ ನಿಯಮದಂತೆ 'ಭಾ' ಮತ್ತು 'ಫೈನೀನ್' ಒಂದೇ ತಾಯಿಬೇರಿನ ಚಿಗುರುಗಳು. 'ಪ್ರತಿ' ಎಂಬ ಉಪಸರ್ಗಕ್ಕೂ ಕಡೆಗೆ, ಎದುರಿಗೆ ಎಂಬ ಅರ್ಥವಿದೆ. ಹಾಗಾಗಿ 'ಪ್ರತಿಭಾ' ಎಂಬ ಪದದ ಕಟ್ಟಡವನ್ನು ಬಿಚ್ಚಿದರೆ ಎಪಿಫನಿಯ ಕಟ್ಟಡವೇ ಕಾಣುತ್ತದೆ: ಎದುರಿಗೆ ಬಂದು ಬೆಳಗಿದ್ದು. ನಮ್ಮಲ್ಲಿ ಪ್ರತಿಭೆ ಇಂದು ಶಾಲೆಯ ಬಹುಮಾನಕ್ಕೆ ಸಲ್ಲುವ ಸಾಮರ್ಥ್ಯ ಎಂಬ ಅರ್ಥಕ್ಕೆ ಇಳಿದಿದೆ. ಅದರ ಹಳೆಯ ಅರ್ಥದ ಕಡೆಗೆ ಈ ಲೇಖನದ ಕೊನೆಯಲ್ಲಿ ಹಿಂತಿರುಗಬೇಕಾಗುತ್ತದೆ.

ಗ್ರೀಕರು ಎಪಿಫಾನೆಯಾ ಪದವನ್ನು ದೇವರಿಗಷ್ಟೇ ಮೀಸಲಿಟ್ಟಿರಲಿಲ್ಲ. ಇತಿಹಾಸಕಾರ ಪೊಲಿಬಿಯಸ್ ವೈರಿಸೇನೆ ಇದ್ದಕ್ಕಿದ್ದಂತೆ ಕಣ್ಣೆದುರು ಬಂದು ನಿಲ್ಲುವುದಕ್ಕೂ ಇದನ್ನೇ ಬಳಸುತ್ತಾನೆ. ಅಷ್ಟೇ ಅಲ್ಲ, ಯೂಕ್ಲಿಡ್ ತನ್ನ ರೇಖಾಗಣಿತದಲ್ಲಿ ಉದ್ದ ಅಗಲಗಳು ಮಾತ್ರ ಇರುವ, ದಪ್ಪವಿಲ್ಲದ 'ಮೇಲ್ಮೈ'ಗೆ ಇಟ್ಟ ಹೆಸರೂ ಎಪಿಫಾನೆಯಾ. ವಸ್ತುವಿನ ಯಾವ ಭಾಗ ಕಣ್ಣಿಗೆ ತೋರುತ್ತದೆಯೋ ಅದೇ ಅದರ ಮೇಲ್ಮೈ ಎಂಬುದು ಇದರ ಹಿಂದಿನ ತರ್ಕ. ಗ್ರೀಸಿನಲ್ಲಿ ಇಂದಿಗೂ ಈ ಪದದ ದಿನಬಳಕೆಯ ಅರ್ಥ ಮೇಲ್ಮೈ ಎಂದೇ. ಆಳವನ್ನು ಕಂಡೆ ಎನ್ನಲು ಉಳಿದ ಜಗತ್ತು ಆರಿಸಿಕೊಂಡ ಪದ ತನ್ನ ತವರಿನಲ್ಲಿ ಆಳವಿಲ್ಲದ್ದನ್ನು ಸೂಚಿಸುತ್ತದೆ. ಇದು ಬರಿಯ ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಜಾಯ್ಸ್ ಹೇಳಿದ ಎಪಿಫನಿಯೂ ವಸ್ತುವನ್ನು ಸೀಳಿ ಒಳಗೆ ನುಗ್ಗುವುದಿಲ್ಲ. ಅದರ ಮೇಲ್ಮೈಯನ್ನು ನೆಟ್ಟ ಕಣ್ಣಿನಿಂದ ನೋಡುತ್ತಲೇ ಹುಟ್ಟುತ್ತದೆ.

ದೇವರು ತೋರಿದ ದಾಖಲೆ

ಗ್ರೀಕ್ ಸಾಹಿತ್ಯದ ಬಾಗಿಲಲ್ಲೇ ದೇವತೆಗಳು ತೋರಿಕೊಳ್ಳುತ್ತಾರೆ. ಇಲಿಯಡ್ ಮಹಾಕಾವ್ಯದ ಮೊದಲ ಸರ್ಗದಲ್ಲಿ ಅಗಮೆಮ್ನನ್ ಮೇಲೆ ಕತ್ತಿ ಹಿರಿಯಲು ಹೊರಟ ಅಕಿಲೀಸನ ಕೂದಲನ್ನು ಅಥೀನಾ ಹಿಂದಿನಿಂದ ಹಿಡಿದೆಳೆಯುತ್ತಾಳೆ. ಸಭೆಯಲ್ಲಿ ಅಷ್ಟು ಜನರಿದ್ದರೂ ಅವಳು ಕಾಣುವುದು ಅವನೊಬ್ಬನಿಗೆ ಮಾತ್ರ. ಮ್ಯಾರಥಾನ್ ಕದನಕ್ಕೆ ಮುಂಚೆ ಅಥೆನ್ಸಿನ ಓಟಗಾರನಿಗೆ ಬೆಟ್ಟದ ದಾರಿಯಲ್ಲಿ ಪಾನ್ ದೇವತೆ ಎದುರಾಗಿ ಹೆಸರು ಹಿಡಿದು ಕರೆದನೆಂದು ಹೆರೊಡೊಟಸ್ ಬರೆದಿದ್ದಾನೆ. ದರ್ಶನ ಎಲ್ಲರಿಗೂ ಒಟ್ಟಿಗೆ ಆಗುವುದಲ್ಲ, ಒಬ್ಬರ ಮೇಲೆ ಇಳಿಯುವುದು ಎಂಬ ಭಾವನೆ ಆಗಲೇ ಗಟ್ಟಿಯಾಗಿತ್ತು.

ಇಂಥ ಪ್ರಸಂಗಗಳನ್ನು ಊರಿನ ಚರಿತ್ರೆಯಾಗಿ ಕಲ್ಲಿನಲ್ಲಿ ಕೆತ್ತಿಸಿದವರೂ ಇದ್ದರು. ರೋಡ್ಸ್ ದ್ವೀಪದ ಲಿಂಡೊಸ್ ಊರಿನಲ್ಲಿ ಗುಡ್ಡದ ಮೇಲೆ ಅಥೀನಾ ದೇವಾಲಯವಿತ್ತು. ಕ್ರಿ.ಪೂ. 99ರಲ್ಲಿ ಊರಿನವರು ನಿರ್ಣಯ ಮಾಡಿ, ದೇವಿಗೆ ಬಂದ ಕಾಣಿಕೆಗಳ ಪಟ್ಟಿಯನ್ನೂ ಅವಳು ತೋರಿಕೊಂಡ ಸಂದರ್ಭಗಳನ್ನೂ ಅಮೃತಶಿಲೆಯ ಫಲಕದ ಮೇಲೆ ಬರೆಸಿದರು. ಡೆನ್ಮಾರ್ಕಿನ ಪುರಾತತ್ತ್ವಜ್ಞರು 1904ರಲ್ಲಿ ಅದನ್ನು ಪತ್ತೆಹಚ್ಚಿದರು. ಈಗ ಅದು ಕೋಪನ್‌ಹೇಗನ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಬರುವ ಒಂದು ಪ್ರಸಂಗವನ್ನು ಬಿಡಿಸಿ ಹೇಳಬೇಕು.

ಪರ್ಷಿಯಾದ ದೊರೆ ದಾರಿಯಸ್ ಗ್ರೀಸಿನ ಮೇಲೆ ಕಳಿಸಿದ ನೌಕಾಸೈನ್ಯ ಲಿಂಡೊಸನ್ನು ಮುತ್ತಿತು. ಒಳಗಿದ್ದವರಿಗೆ ನೀರು ಮುಗಿಯುತ್ತ ಬಂತು, ಶರಣಾಗುವ ಯೋಚನೆ ಎದ್ದಿತು. ಆ ರಾತ್ರಿ ಊರಿನ ಅಧಿಕಾರಿಯೊಬ್ಬನ ಕನಸಿನಲ್ಲಿ ಅಥೀನಾ ಬಂದು, ಧೈರ್ಯಗೆಡಬೇಡ, ನನ್ನ ತಂದೆಯ ಹತ್ತಿರ ನೀರು ಕೇಳುತ್ತೇನೆ ಎಂದಳು. ಮನೆಮನೆಯ ನೀರನ್ನು ಲೆಕ್ಕ ಹಾಕಿದರೆ ಐದು ದಿನಕ್ಕೆ ಸಾಕಾಗುವಷ್ಟಿತ್ತು. ಊರಿನವರು ಪರ್ಷಿಯಾದ ಸೇನಾಪತಿ ದಾತಿಸನಿಗೆ ಹೇಳಿಕಳಿಸಿದರು: ಐದು ದಿನ ಗಡುವು ಕೊಡು, ದೇವಿ ತಂದೆಯ ಬಳಿ ಹೋಗಿದ್ದಾಳೆ, ಅಷ್ಟರೊಳಗೆ ನೀರು ಬರದಿದ್ದರೆ ಊರು ನಿನ್ನದು. ದಾತಿಸ್ ನಕ್ಕುಬಿಟ್ಟ. ಮರುದಿನವೇ ಗುಡ್ಡದ ಮೇಲೆ ಕಪ್ಪು ಮೋಡ ಕವಿದು ಭಾರಿ ಮಳೆ ಸುರಿಯಿತು. ಮುತ್ತಿಗೆಯೊಳಗಿದ್ದವರಿಗೆ ನೀರು ತುಂಬಿತು, ಹೊರಗಿನ ಸೇನೆಗೆ ನೀರಿನ ಅಭಾವವಾಯಿತು. ದಾತಿಸ್ ಬೆರಗಾಗಿ, ಮೈಮೇಲಿನ ಮೇಲುಡುಪು, ಕೊರಳ ಸರ, ತೋಳಬಂದಿ, ಕಿರುಗತ್ತಿ, ತಾನು ಕೂರುತ್ತಿದ್ದ ಬಂಡಿಯನ್ನೂ ದೇವಿಗೆ ಕಾಣಿಕೆಯಾಗಿ ಕಳಿಸಿದ. ಶಾಸನ ಆ ಮಳೆಯನ್ನು ದೇವಿಯ ಎಪಿಫಾನೆಯಾ ಎಂದೇ ಕರೆಯುತ್ತದೆ. ಇಲ್ಲಿ ದೇವಿಯ ಮುಖವನ್ನು ಎಚ್ಚರದಲ್ಲಿ ಕಂಡವರು ಯಾರೂ ಇಲ್ಲ, ಕಂಡದ್ದು ಮೋಡ. ಕಂಡವರಲ್ಲಿ ಬದಲಾದವನು ಭಕ್ತನಲ್ಲ, ನಕ್ಕವನು.

ಎಪಿಡಾರಸ್ ಊರಿನಲ್ಲಿ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಕ್ಷೇತ್ರವಿತ್ತು. ರೋಗಿಗಳು ಅಲ್ಲಿಯ ಮಂಟಪದಲ್ಲಿ ರಾತ್ರಿ ಮಲಗುತ್ತಿದ್ದರು, ಕನಸಿನಲ್ಲಿ ದೇವರು ಬಂದು ಮದ್ದು ಹೇಳುತ್ತಾನೆಂಬ ನಂಬಿಕೆಯಿಂದ. ಗುಣವಾದವರ ಕತೆಗಳನ್ನು ಕ್ರಿ.ಪೂ. 4ನೆಯ ಶತಮಾನದ ಕಲ್ಲುಫಲಕಗಳು ಹೇಳುತ್ತವೆ. ಹೀಗೆ ಮಲಗುವುದಕ್ಕೆ ಲ್ಯಾಟಿನ್ನಿನಿಂದ ಬಂದ ಹೆಸರು 'ಇನ್‌ಕ್ಯುಬೇಷನ್'. ಈ ಪದ ಮುಂದೆ ಬೇರೊಂದು ಕಡೆ ನಮಗೆ ಸಿಗುತ್ತದೆ.

ರಾಜರು ಈ ಪದವನ್ನು ತಮ್ಮದಾಗಿಸಿಕೊಳ್ಳಲು ತಡಮಾಡಲಿಲ್ಲ. ಈಜಿಪ್ಟಿನ ಐದನೆಯ ಟಾಲೆಮಿ 'ತೋರಿಬಂದ ದೇವರು' ಎಂಬ ಅರ್ಥದ ಬಿರುದು ಹೊತ್ತಿದ್ದ, ಕ್ರಿ.ಪೂ. 196ರ ರೋಸೆಟ್ಟಾ ಶಿಲಾಶಾಸನದಲ್ಲಿ ಅದಿದೆ. ಸಿರಿಯಾವನ್ನು ಕ್ರಿ.ಪೂ. 175ರಿಂದ 164ರವರೆಗೆ ಆಳಿದ ನಾಲ್ಕನೆಯ ಆಂಟಿಯೊಕಸ್ 'ಎಪಿಫನೀಸ್' ಎಂದು ಕರೆಸಿಕೊಂಡ. ಅವನ ವಿಚಿತ್ರ ವರ್ತನೆ ಕಂಡವರು ಒಂದಕ್ಷರ ಬದಲಿಸಿ 'ಎಪಿಮನೀಸ್', ಅಂದರೆ ಹುಚ್ಚ ಎಂದು ಕರೆಯುತ್ತಿದ್ದರೆಂದು ಪೊಲಿಬಿಯಸ್ ದಾಖಲಿಸಿದ್ದಾನೆ. ಯೆಹೂದಿಗಳಿಗೆ ಅವನು ಜೆರುಸಲೇಮಿನ ಮಂದಿರವನ್ನು ಮೈಲಿಗೆ ಮಾಡಿದ ದೊರೆ. ಹನುಕ್ಕಾ ಹಬ್ಬ ಆ ಮಂದಿರ ಮತ್ತೆ ಶುದ್ಧವಾದದ್ದರ ನೆನಪು.

ಭಾರತದ ವಾಯವ್ಯ ಭಾಗವನ್ನು ಆಳಿದ ಇಂಡೋ-ಗ್ರೀಕ್ ರಾಜರಲ್ಲೂ ಈ ಬಿರುದಿತ್ತು. ಅವರ ನಾಣ್ಯಗಳ ಒಂದು ಮುಖದಲ್ಲಿ ಗ್ರೀಕ್, ಇನ್ನೊಂದು ಮುಖದಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತ. ಸ್ಟ್ರೇಟೊ ಎಂಬ ದೊರೆಯ ನಾಣ್ಯದಲ್ಲಿ ಗ್ರೀಕಿನ ಎಪಿಫನೀಸ್‌ಗೆ ಎದುರಾಗಿ ಕೂತಿರುವ ಪ್ರಾಕೃತ ಪದ 'ಪ್ರಚಚ'. ಸಂಸ್ಕೃತದ 'ಪ್ರತ್ಯಕ್ಷ'ದ ರೂಪ ಅದು. ಎರಡು ಸಾವಿರ ವರ್ಷಗಳ ಹಿಂದೆ ಟಂಕಸಾಲೆಯಲ್ಲಿ ಕುಳಿತು ಈ ಪದವನ್ನು ನಮ್ಮ ಕಡೆಯ ಭಾಷೆಗೆ ತಂದವನ ಹೆಸರು ಉಳಿದಿಲ್ಲ, ಅವನ ಆಯ್ಕೆ ಉಳಿದಿದೆ. ಅದು ಎಷ್ಟು ಒಪ್ಪುವ ಆಯ್ಕೆ ಎನ್ನಲು ಕನ್ನಡದ ಮಾತನ್ನೇ ನೋಡಬಹುದು. ಹರಿಕತೆಯಲ್ಲಿ ದೇವರು ಪ್ರತ್ಯಕ್ಷನಾಗುತ್ತಾನೆ. ಊಟದ ಹೊತ್ತಿಗೆ ಹೇಳದೆ ಕೇಳದೆ ಬಂದ ನೆಂಟನೂ ಪ್ರತ್ಯಕ್ಷನಾಗುತ್ತಾನೆ. ಅಥೀನಾಳಿಗೂ ವೈರಿಸೇನೆಗೂ ಗ್ರೀಕರು ಒಂದೇ ಪದ ಬಳಸಿದ ಹಾಗೆಯೇ.

ಹಬ್ಬ

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಎಪಿಫಾನೆಯಾ ಆರು ಸಲ ಬರುತ್ತದೆ. ಆರೂ ಪೌಲನ ಹೆಸರಿನಲ್ಲಿರುವ ಪತ್ರಗಳಲ್ಲೇ. ಸುವಾರ್ತೆಗಳಲ್ಲಿ ಪದ ಇಲ್ಲ. ಆದರೂ ಹಬ್ಬಕ್ಕೆ ವಸ್ತು ಒದಗಿಸಿದವು ಸುವಾರ್ತೆಗಳೇ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಬರೆಯುತ್ತಿದ್ದ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್, ಬೆಸಿಲಿಡೀಸ್ ಎಂಬ ಗುರುವಿನ ಅನುಯಾಯಿಗಳು ಯೇಸುವಿನ ದೀಕ್ಷಾಸ್ನಾನದ ದಿನವನ್ನು ಜನವರಿಯ ಆರಂಭದಲ್ಲಿ ಜಾಗರಣೆಯಿಂದ ಆಚರಿಸುತ್ತಿದ್ದರೆಂದು ಹೇಳುತ್ತಾನೆ. 361ರಲ್ಲಿ ಇನ್ನೂ ರೋಮನ್ ಚಕ್ರವರ್ತಿಯ ಪಟ್ಟಕ್ಕೆ ಪೈಪೋಟಿಯಲ್ಲಿದ್ದ ಜೂಲಿಯನ್ ಗಾಲ್ ಪ್ರಾಂತದಲ್ಲಿ ಈ ಹಬ್ಬದ ದಿನ ಚರ್ಚಿಗೆ ಹೋದದ್ದನ್ನು ಇತಿಹಾಸಕಾರ ಅಮ್ಮಿಯಾನಸ್ ಗುರುತಿಸಿದ್ದಾನೆ. ಆರ್ಮೇನಿಯಾದ ಚರ್ಚು ಇಂದಿಗೂ ಯೇಸುವಿನ ಜನನ, ದೀಕ್ಷಾಸ್ನಾನ ಎರಡನ್ನೂ ಜನವರಿ 6ರಂದೇ ಆಚರಿಸುತ್ತದೆ.

ಪೂರ್ವದ ಚರ್ಚುಗಳಿಗೆ ಈ ಹಬ್ಬ ಯೊರ್ದಾನ್ ನದಿಯ ಸ್ನಾನದ್ದು; ಪಶ್ಚಿಮದವರಿಗೆ ನಕ್ಷತ್ರ ಹಿಂಬಾಲಿಸಿ ಬಂದ ಪೂರ್ವದೇಶದ ಜ್ಞಾನಿಗಳದ್ದು. ಮತ್ತಾಯನ ಸುವಾರ್ತೆ ಅವರು ಮೂವರು ಎನ್ನುವುದಿಲ್ಲ, ರಾಜರು ಎಂದೂ ಹೇಳುವುದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂರು ಎಂಬ ಲೆಕ್ಕ ಬಂತು. ಹೆಸರುಗಳೂ ಕಿರೀಟಗಳೂ ಆಮೇಲೆ ಸೇರಿದವು. 1164ರಿಂದ ಅವರವೆಂದು ನಂಬಲಾದ ಅವಶೇಷಗಳು ಜರ್ಮನಿಯ ಕಲೋನ್ ನಗರದಲ್ಲಿವೆ.

ಜನರ ಬಾಯಲ್ಲಿ ಪದ ಸವೆದ ಬಗೆ ಚೆಂದವಾಗಿದೆ. ಇಟಲಿಯಲ್ಲಿ 'ಎಪಿಫಾನಿಯಾ' ಸವೆದು 'ಬೆಫಾನಾ' ಆಯಿತು. ಬೆಫಾನಾ ಅಂದರೆ ಜನವರಿ 5ರ ರಾತ್ರಿ ಪೊರಕೆಯ ಮೇಲೆ ಕೂತು ಬಂದು ಮಕ್ಕಳಿಗೆ ತಿಂಡಿ ಇಟ್ಟುಹೋಗುವ ಹರಕು ಬಟ್ಟೆಯ ಅಜ್ಜಿ. ಹಬ್ಬದ ಹೆಸರೇ ಅಜ್ಜಿಯಾಗಿ ಮೈತಾಳಿತು! ಅದೇ ಹಬ್ಬದ ಇನ್ನೊಂದು ಹೆಸರು 'ಥಿಯೊಫಾನಿಯಾ', ದೇವರ ತೋರಿಕೆ. ಅದು ಫ್ರೆಂಚಿನಲ್ಲಿ ಸವೆದು ಹೆಣ್ಣುಮಕ್ಕಳ ಹೆಸರಾಗಿ, ಇಂಗ್ಲಿಷಿನಲ್ಲಿ ಟಿಫನಿ ಆಯಿತು. ಹಾಗೆ ನೋಡಿದರೆ ಟಿಫನಿಯೂ ಪ್ರತಿಭಾಳೂ ಒಂದೇ ವಂಶದವರು.

ಇಥಿಯೋಪಿಯಾದಲ್ಲಿ ಇದು ತಿಮ್ಕತ್. ಜನವರಿ 19ರ ಸುಮಾರಿಗೆ ಪ್ರತಿಯೊಂದು ಚರ್ಚಿನ ಪವಿತ್ರ ಫಲಕವನ್ನು ರೇಷ್ಮೆ ಹೊದಿಸಿ ತಲೆಯ ಮೇಲೆ ಹೊತ್ತು, ಕೊಡೆಗಳ ಮೆರವಣಿಗೆಯಲ್ಲಿ ನೀರಿನ ದಡಕ್ಕೆ ತರುತ್ತಾರೆ. ಯುನೆಸ್ಕೊ 2019ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ನೆರೆಯ ಕೇರಳದ ಸಿರಿಯನ್ ಕ್ರೈಸ್ತರು ಇದನ್ನು 'ದನಹಾ' ಎನ್ನುತ್ತಾರೆ. ಸಿರಿಯಾಕ್ ಭಾಷೆಯಲ್ಲಿ ಅದಕ್ಕೆ ಉದಯ ಎಂದರ್ಥ. ಇರಿಂಜಾಲಕುಡದ ಕಡೆ ಮನೆಗಳ ಮುಂದೆ ಬಾಳೆದಿಂಡು ನೆಟ್ಟು ಅದಕ್ಕೆ ದೀಪಗಳನ್ನು ಸಿಕ್ಕಿಸುವುದರಿಂದ ಅದು ದಿಂಡು ನೆಡುವ ಹಬ್ಬ. ಇನ್ನು ಕೆಲವೆಡೆ ಹೊಳೆಯಲ್ಲಿ ರಾತ್ರಿ ಮೀಯುವುದರಿಂದ ರಾತ್ರಿಸ್ನಾನದ ಹಬ್ಬ. ದೀಪ ಮತ್ತು ನೀರು, ಹಬ್ಬದ ಎರಡು ಹಳೆಯ ಅರ್ಥಗಳೂ ಒಂದೇ ನಾಡಿನಲ್ಲಿ ಪಕ್ಕಪಕ್ಕದಲ್ಲಿವೆ.

ಜಾಯ್ಸ್ ಮತ್ತು ಬೀದಿಯ ಗಡಿಯಾರ

ಜೇಮ್ಸ್ ಜಾಯ್ಸ್ 1882ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ ಜೆಸ್ಯೂಟ್ ಪಾದ್ರಿಗಳ ಶಾಲೆಗಳಲ್ಲಿ ಓದಿದವನು. ಮುಂದೆ ಚರ್ಚನ್ನು ಬಿಟ್ಟ, ಅದರ ಪದಗಳನ್ನು ಬಿಡಲಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಅವನು ಸಣ್ಣ ಸಣ್ಣ ಗದ್ಯ ತುಣುಕುಗಳನ್ನು ಬರೆದಿಡತೊಡಗಿದ: ಬೀದಿಯಲ್ಲಿ ಕಿವಿಗೆ ಬಿದ್ದ ಅರ್ಧ ಮಾತು, ಯಾರದೋ ಮುಖದ ಭಾವ, ಒಂದು ಕನಸು. ಅವುಗಳಿಗೆ ಎಪಿಫನಿಗಳು ಎಂದು ಹೆಸರಿಟ್ಟ. ಅವುಗಳಲ್ಲಿ 40 ಉಳಿದುಬಂದಿವೆ.

ಈ ಹೆಸರಿನ ವಿವರಣೆ ಸಿಗುವುದು 'ಸ್ಟೀಫನ್ ಹೀರೊ' ಎಂಬ ಅಪೂರ್ಣ ಕಾದಂಬರಿಯಲ್ಲಿ. ಜಾಯ್ಸ್ ಅದನ್ನು ಕೈಬಿಟ್ಟಿದ್ದ; ಅವನು ತೀರಿಕೊಂಡ ಮೇಲೆ, 1944ರಲ್ಲಿ ಅಚ್ಚಾಯಿತು. ಮಂಜು ಮುಸುಕಿದ ಒಂದು ಸಂಜೆ ಕಥಾನಾಯಕ ಸ್ಟೀಫನ್, ಡಬ್ಲಿನ್ನಿನ ಎಕ್ಲೆಸ್ ಬೀದಿಯಲ್ಲಿ ನಡೆಯುತ್ತಿರುತ್ತಾನೆ. ಕಂದು ಇಟ್ಟಿಗೆಯ ಮನೆಯ ಮೆಟ್ಟಿಲ ಮೇಲೆ ಒಬ್ಬ ಯುವತಿ, ತುಕ್ಕು ಹಿಡಿದ ಕಂಬಿಗೆ ಒರಗಿ ಒಬ್ಬ ಯುವಕ. ಅವರ ಮಾತಿನಲ್ಲಿ ಎರಡು ಮೂರು ತುಂಡು ಮಾತ್ರ ಕೇಳಿಸುತ್ತವೆ, ಅವೂ ಏನೂ ಹೇಳದ ಮಾತುಗಳು. ಆದರೂ ಅದು ಅವನನ್ನು ಅಲುಗಾಡಿಸುತ್ತದೆ. ಇಂಥವನ್ನೆಲ್ಲ ಕೂಡಿಸಿ ಪುಸ್ತಕ ಮಾಡಬೇಕು, ಇವು ತೀರ ನಾಜೂಕಾದ, ಬೇಗ ಹಾರಿಹೋಗುವ ಗಳಿಗೆಗಳು, ಇವನ್ನು ಜೋಪಾನವಾಗಿ ದಾಖಲಿಸುವುದು ಬರಹಗಾರನ ಕೆಲಸ ಎಂದುಕೊಳ್ಳುತ್ತಾನೆ. ಆಮೇಲೆ ಗೆಳೆಯನಿಗೆ, ಬ್ಯಾಲಸ್ಟ್ ಆಫೀಸಿನ ಗಡಿಯಾರಕ್ಕೂ ಎಪಿಫನಿ ಸಾಧ್ಯ ಎನ್ನುತ್ತಾನೆ. ದಿನಾ ಅದರ ಮುಂದೆ ಹಾದುಹೋಗುತ್ತೇವೆ. ಅದು ಬೀದಿಯ ಸಾಮಾನುಗಳಲ್ಲಿ ಒಂದು, ಅಷ್ಟೇ. ಒಂದು ದಿನ ಕಣ್ಣು ಸರಿಯಾಗಿ ನೆಟ್ಟ ಗಳಿಗೆಯಲ್ಲಿ ಅದು ಏನೆಂಬುದು ಇಡಿಯಾಗಿ ಕಾಣುತ್ತದೆ. ಇದಕ್ಕೆ ತಾತ್ತ್ವಿಕ ಆಸರೆಯಾಗಿ ಅವನು 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಹೇಳಿದ ಸೌಂದರ್ಯದ ಮೂರು ಲಕ್ಷಣಗಳನ್ನು ಹಿಡಿಯುತ್ತಾನೆ: ಅಖಂಡತೆ, ಸಾಮರಸ್ಯ, ಕಾಂತಿ. ವಸ್ತು ಒಂದು ಎಂದು ಕಾಣುವುದು, ಅದರ ಅಂಗಗಳ ಹೊಂದಿಕೆ ಕಾಣುವುದು, ಕೊನೆಗೆ ಅದರ 'ಅದುತನ' ತನ್ನ ಹೊದಿಕೆ ಹರಿದು ನಮ್ಮ ಕಡೆಗೆ ಜಿಗಿಯುವುದು. ಜಿಗಿಯುವುದು ವಸ್ತು, ನೋಡುವವನಲ್ಲ. ಗ್ರೀಕ್ ದೇವತೆಯ ಕೆಲಸವನ್ನು ಜಾಯ್ಸ್ ಗಡಿಯಾರಕ್ಕೆ ಒಪ್ಪಿಸಿದ.

ಸಿದ್ಧಾಂತಕ್ಕಿಂತ ಅವನ ಕತೆಗಳೇ ಇದನ್ನು ಚೆನ್ನಾಗಿ ಕಲಿಸುತ್ತವೆ. 1914ರ 'ಡಬ್ಲಿನರ್ಸ್' ಸಂಕಲನದ 'ಅರಬಿ' ಕತೆಯಲ್ಲಿ ಹುಡುಗನೊಬ್ಬ ಗೆಳೆಯನ ಅಕ್ಕನನ್ನು ಮನಸ್ಸಿನಲ್ಲಿ ದೇವಿಯ ಹಾಗೆ ಹೊತ್ತು ತಿರುಗುತ್ತಾನೆ, ಅವಳಿಗೆ ಏನಾದರೂ ತರುತ್ತೇನೆಂದು ಮಾತು ಕೊಟ್ಟು ಜಾತ್ರೆಯಂಥ ಮಾರಾಟಮೇಳಕ್ಕೆ ಹೊರಡುತ್ತಾನೆ. ದುಡ್ಡು ಕೊಡಬೇಕಾದ ಚಿಕ್ಕಪ್ಪ ತಡವಾಗಿ ಬಂದದ್ದರಿಂದ ಹುಡುಗ ತಲುಪುವಾಗ ಮಳಿಗೆಗಳು ಮುಚ್ಚುತ್ತಿವೆ. ತಟ್ಟೆಯ ಮೇಲೆ ಯಾರೋ ನಾಣ್ಯ ಎಣಿಸುತ್ತಿದ್ದಾರೆ. ಒಂದು ಮಳಿಗೆಯ ಹುಡುಗಿ ಇಬ್ಬರು ತರುಣರ ಜೊತೆ ನಗೆಮಾತಿನಲ್ಲಿದ್ದಾಳೆ. ಇವನ ಹತ್ತಿರ ಬಂದು ಏನು ಬೇಕು ಎಂದು ಕೇಳುವ ದನಿಯಲ್ಲಿ ಮಾರುವ ಮನಸ್ಸಿಲ್ಲ. ದೀಪಗಳು ಆರುತ್ತವೆ. ಹುಡುಗ ಕತ್ತಲಲ್ಲಿ ತಲೆಯೆತ್ತಿ ನೋಡುತ್ತಾನೆ, ತಾನು ಎಂಥವನೆಂದು ಅವನಿಗೆ ಕಾಣುತ್ತದೆ, ಕಣ್ಣು ಉರಿಯುತ್ತದೆ. ಬೆಳಕಿನ ಪದಕ್ಕೆ ಜಾಯ್ಸ್ ದೀಪ ಆರುವ ಗಳಿಗೆಯನ್ನು ಹೊಂದಿಸಿದ್ದಾನೆ. ಈ ಕತೆಯನ್ನು ಎಷ್ಟು ಸಲ ಓದಿದರೂ ಆ ನಾಣ್ಯದ ಸದ್ದು ನನ್ನನ್ನು ಬಿಟ್ಟಿಲ್ಲ. ಸಂಕಲನದ ಕೊನೆಯ ಕತೆ 'ದ ಡೆಡ್' ನಡೆಯುವುದು ಕ್ರಿಸ್‌ಮಸ್ ಆದ ಮೇಲಿನ ಒಂದು ಔತಣದ ರಾತ್ರಿ. ಅದು ಎಪಿಫನಿ ಹಬ್ಬದ ರಾತ್ರಿಯೇ ಎಂದು ಹಲವು ವಿಮರ್ಶಕರು ತಿಳಿಯುತ್ತಾರೆ.

ಜಾಯ್ಸ್‌ಗೆ ಮುಂಚೆಯೂ ಇಂಥ ಗಳಿಗೆಗಳನ್ನು ಹಿಡಿದ ಕವಿಗಳಿದ್ದರು, ವರ್ಡ್ಸ್‌ವರ್ತ್ ಅವರಲ್ಲಿ ಮುಖ್ಯ. ಅನಂತರ ವರ್ಜೀನಿಯಾ ವುಲ್ಫ್ ಬಂದಳು. ಆದರೆ ಹೆಸರು ನಿಂತದ್ದು ಜಾಯ್ಸ್ ಇಟ್ಟದ್ದೇ. ಸಣ್ಣಕತೆಯ ಕೊನೆಯಲ್ಲಿ ಪಾತ್ರಕ್ಕೆ ಏನಾದರೂ ಹೊಳೆಯಲೇಬೇಕು ಎಂಬುದು ಬರವಣಿಗೆಯ ತರಗತಿಗಳಲ್ಲಿ ಕಟ್ಟಳೆಯಂತಾಯಿತು. ಅಮೆರಿಕದ ಕತೆಗಾರ ಚಾರ್ಲ್ಸ್ ಬ್ಯಾಕ್ಸ್‌ಟರ್ ಇದರ ವಿರುದ್ಧ ಪ್ರಬಂಧವನ್ನೇ ಬರೆದ. ಅವನ ಆಕ್ಷೇಪ ಸರಿಯಾದದ್ದು. ಕೊನೆಯ ಪುಟದಲ್ಲಿ ತಪ್ಪದೆ ಬರುವ ಹೊಳಹು ಹಠಾತ್ತಾದದ್ದು ಹೇಗಾದೀತು?

ಆಹಾ ಎನ್ನುವ ಗಳಿಗೆ

ಎಪಿಫನಿಯ ಪಕ್ಕದಲ್ಲೇ ಇನ್ನೊಂದು ಗ್ರೀಕ್ ಪದ ಓಡುತ್ತ ಬರುತ್ತದೆ: ಯುರೇಕಾ, ಕಂಡುಕೊಂಡೆ. ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದೆದ್ದು ಬೆತ್ತಲೆ ಓಡಿದ ಕತೆಗೆ ಸಿಗುವ ಹಳೆಯ ಆಧಾರ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್. ಅವನು ಬರೆದದ್ದು ಆರ್ಕಿಮಿಡೀಸ್ ಸತ್ತು ಸುಮಾರು ಎರಡು ಶತಮಾನಗಳಾದ ಮೇಲೆ. ಎರಡು ಪದಗಳ ವ್ಯಾಕರಣ ಬೇರೆ ಎಂಬುದನ್ನು ಗಮನಿಸಬೇಕು. ಯುರೇಕಾದಲ್ಲಿ ಕರ್ತೃ 'ನಾನು'. ಎಪಿಫನಿಯಲ್ಲಿ ಕರ್ತೃ ತೋರಿದ್ದು.

ಇದಕ್ಕಿಂತ ನಂಬಲರ್ಹವಾದದ್ದು ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ತಾನೇ ಹೇಳಿದ ಅನುಭವ. ಹಲವು ವಾರ ಒಂದು ಬಗೆಯ ಫಲನಗಳ ಮೇಲೆ ತಲೆ ಕೆಡಿಸಿಕೊಂಡಿದ್ದ ಅವನು, ಕೆಲಸ ಬದಿಗಿಟ್ಟು ಭೂವಿಜ್ಞಾನಿಗಳ ಪ್ರವಾಸಕ್ಕೆ ಹೊರಟ. ಕೂತಾಂಸ್ ಎಂಬ ಊರಿನಲ್ಲಿ ಕುದುರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ, ತನ್ನ ಫಲನಗಳ ಪರಿವರ್ತನೆಗಳೂ ಯೂಕ್ಲಿಡೇತರ ರೇಖಾಗಣಿತದ ಪರಿವರ್ತನೆಗಳೂ ಒಂದೇ ಎಂದು ಹೊಳೆಯಿತು. ಹತ್ತಿ ಕೂತು ಬಿಟ್ಟಿದ್ದ ಮಾತನ್ನೇ ಮುಂದುವರಿಸಿದ. ಊರಿಗೆ ಮರಳಿದ ಮೇಲೆ ಸಮಾಧಾನದಿಂದ ತಾಳೆ ನೋಡಿದ. ಆ ತಾಳೆ ನೋಡುವುದನ್ನು ಬಹಳ ಜನ ಮರೆತು ಮೆಟ್ಟಿಲನ್ನಷ್ಟೇ ನೆನಪಿಡುತ್ತಾರೆ. 1926ರಲ್ಲಿ ಇಂಗ್ಲೆಂಡಿನ ಗ್ರಹಾಂ ವಾಲಸ್ ಇಂಥ ಅನುಭವಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದಾಗ, ದುಡಿಮೆಗೂ ಹೊಳಹಿಗೂ ನಡುವಿನ ಬಿಡುವಿಗೆ ಇಟ್ಟ ಹೆಸರು ಇನ್‌ಕ್ಯುಬೇಷನ್. ಕೋಳಿ ಕಾವು ಕೂರುವುದಕ್ಕೂ ಎಪಿಡಾರಸ್‌ನ ರೋಗಿ ಗುಡಿಯಲ್ಲಿ ಮಲಗುವುದಕ್ಕೂ ಇರುವ ಪದವೇ ಅದು.

ಮನಶ್ಶಾಸ್ತ್ರಕ್ಕೆ 'ಆಹಾ ಅನುಭವ' ಎಂಬ ಹೆಸರು ತಂದವನು ಜರ್ಮನಿಯ ಕಾರ್ಲ್ ಬ್ಯೂಲರ್. ಟೆನೆರಿಫ್ ದ್ವೀಪದಲ್ಲಿ ಚಿಂಪಾಂಜಿಗಳನ್ನು ಅಭ್ಯಸಿಸಿದ ವುಲ್ಫ್‌ಗಾಂಗ್ ಕೋಲರ್ ಅದನ್ನು ಮನುಷ್ಯರಾಚೆಗೂ ಕಂಡ. ಸುಲ್ತಾನ್ ಎಂಬ ಚಿಂಪಾಂಜಿಗೆ ಕಂಬಿಯಾಚೆಯ ಹಣ್ಣು ಎಟುಕುತ್ತಿರಲಿಲ್ಲ, ಕೈಯಲ್ಲಿದ್ದ ಎರಡು ಬೊಂಬಿನ ಕೋಲುಗಳೂ ಗಿಡ್ಡ. ಬಹಳ ಹೊತ್ತು ಸೋತು, ಹಣ್ಣಿಗೆ ಬೆನ್ನು ಹಾಕಿ ಕೋಲುಗಳ ಜೊತೆ ಸುಮ್ಮನೆ ಆಡುತ್ತಿದ್ದಾಗ ಎರಡೂ ಒಂದೇ ಗೆರೆಯಲ್ಲಿ ಬಂದವು. ಸಣ್ಣದನ್ನು ದೊಡ್ಡದರ ತೂತಿಗೆ ತೂರಿಸಿ, ಕೂಡಲೇ ಕಂಬಿಯತ್ತ ಓಡಿತು.

2004ರಲ್ಲಿ ಮಾರ್ಕ್ ಬೀಮನ್, ಜಾನ್ ಕೂನಿಯೊಸ್ ಮತ್ತು ಸಂಗಡಿಗರು ಮಿದುಳಿನಲ್ಲಿ ಇದರ ಗುರುತು ಹುಡುಕಿದರು. ಮೂರು ಪದ ಕೊಟ್ಟು ಮೂರಕ್ಕೂ ಹೊಂದುವ ನಾಲ್ಕನೆಯದನ್ನು ಕೇಳುವ ಆಟ ಅವರ ಸಾಧನ. ಕನ್ನಡದಲ್ಲಿ ಹೇಳುವುದಾದರೆ ಕಣ್ಣು, ಎಳೆ, ಬಿಸಿ ಎಂದು ಕೊಟ್ಟರೆ 'ನೀರು' ಹೊಳೆಯಬೇಕು. ಉತ್ತರ ಲೆಕ್ಕಾಚಾರದಿಂದಲ್ಲದೆ ತಟ್ಟನೆ ಬಂದಾಗ, ಗುಂಡಿ ಒತ್ತುವ ಸುಮಾರು 0.3 ಸೆಕೆಂಡು ಮುಂಚೆ ಬಲ ಕಿವಿಯ ಮೇಲ್ಭಾಗದ ಮಿದುಳಿನಲ್ಲಿ ಗಾಮಾ ಅಲೆಗಳು ಚಿಮ್ಮಿದ್ದು ಕಂಡಿತು.

ಪ್ರತಿಭೆ, ಹೊಳಹು

ಈಗ 'ಪ್ರತಿಭಾ'ಕ್ಕೆ ಮರಳಬಹುದು. 5ನೆಯ ಶತಮಾನದ ಸುಮಾರಿನ ವೈಯಾಕರಣ ಭರ್ತೃಹರಿಯ ಪ್ರಕಾರ ವಾಕ್ಯದ ಅರ್ಥವೇ ಪ್ರತಿಭೆ: ಪದಪದದ ಅರ್ಥ ಕೂಡಿಸಿ ವಾಕ್ಯ ತಿಳಿಯುವುದಿಲ್ಲ, ಅದು ಇಡಿಯಾಗಿ ಮಿಂಚುತ್ತದೆ. ಅಂದರೆ ನಾವು ಮಾತು ಕೇಳಿದಾಗಲೆಲ್ಲ ಕಿರಿದಾದ ಒಂದು ಎಪಿಫನಿ ಆಗುತ್ತಿರುತ್ತದೆ. ವೈಶೇಷಿಕ ದರ್ಶನದ ಭಾಷ್ಯಕಾರ ಪ್ರಶಸ್ತಪಾದ ಕೊಡುವ ಉದಾಹರಣೆ ಮನೆಯೊಳಗಿನದು. ಇಂಥ ಅರಿವು ಹೆಚ್ಚಾಗಿ ಋಷಿಗಳಿಗೆ ಆಗುವುದು ಎಂದು ಹೇಳಿ, ಒಮ್ಮೊಮ್ಮೆ ಸಾಮಾನ್ಯರಿಗೂ ಆಗುತ್ತದೆ ಎನ್ನುತ್ತಾನೆ: ಒಬ್ಬ ಹುಡುಗಿ, ನಾಳೆ ಅಣ್ಣ ಬರುತ್ತಾನೆ ಅಂತ ನನ್ನ ಮನಸ್ಸು ಹೇಳುತ್ತಿದೆ ಎನ್ನುತ್ತಾಳೆ, ಹಾಗೆ. ಇದನ್ನು ಪ್ರಮಾಣವೆಂದು ಒಪ್ಪಬೇಕೆ ಬೇಡವೆ ಎಂದು ದಾರ್ಶನಿಕರು ಶತಮಾನಗಳ ಕಾಲ ಚರ್ಚಿಸಿದರು. ಋಷಿಯ ಪಕ್ಕದಲ್ಲಿ ಅಣ್ಣನ ದಾರಿ ಕಾಯುವ ಹುಡುಗಿಯನ್ನು ಕೂರಿಸಿದ ಪ್ರಶಸ್ತಪಾದ, ಗಡಿಯಾರದ ಮುಂದೆ ನಿಂತ ಜಾಯ್ಸ್‌ಗೆ ಬಹಳ ದೂರದವನಲ್ಲ.

ಎಪಿಫನಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ಅನುವಾದಕರನ್ನು ಕಾಡುವ ಪ್ರಶ್ನೆ. ಸಾಕ್ಷಾತ್ಕಾರ ಎನ್ನಬಹುದು, ಆದರೆ ಅದರ ಬೆನ್ನಿಗೆ ವರ್ಷಾನುಗಟ್ಟಲೆಯ ಸಾಧನೆಯ ಭಾರವಿದೆ. 'ಅರಬಿ'ಯ ಹುಡುಗನಿಗೆ ಆದದ್ದು ಸಾಕ್ಷಾತ್ಕಾರವಲ್ಲ. ಜ್ಞಾನೋದಯ ಸೂರ್ಯನಂತೆ ಮೆಲ್ಲಗೆ ಏರುವುದು. ಮೇಲಾಗಿ ಮನೆಮಾತಿನಲ್ಲಿ ಅದು 'ಈಗ ಜ್ಞಾನೋದಯ ಆಯ್ತಾ?' ಎಂಬ ಚುಚ್ಚುಮಾತಿಗೆ ಸಿಕ್ಕಿಕೊಂಡಿದೆ. ದರ್ಶನ ಘನವಾದ ಪದ. ಕುವೆಂಪು ತಮ್ಮ ಮಹಾಕಾವ್ಯಕ್ಕೆ 'ಶ್ರೀ ರಾಮಾಯಣ ದರ್ಶನಂ' ಎಂದು ಹೆಸರಿಟ್ಟ ಮೇಲೆ ಇನ್ನೂ ಘನವಾಯಿತು. ಅದು ದೇವತೆಗೆ ಒಪ್ಪುತ್ತದೆ, ಬೀದಿಯ ಗಡಿಯಾರಕ್ಕೆ ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಒಪ್ಪುವ ಪದ 'ಹೊಳಹು'. ಹಳಗನ್ನಡದ 'ಪೊಳೆ', ಇಂದಿನ 'ಹೊಳೆ' ಎಂಬ ಕ್ರಿಯೆ ಚಿನ್ನಕ್ಕೂ ನಕ್ಷತ್ರಕ್ಕೂ ವಿಚಾರಕ್ಕೂ ಸಲ್ಲುತ್ತದೆ. ಬೆಳಕು, ಹಠಾತ್ತು, ಅರಿವು ಮೂರೂ ಅದರಲ್ಲಿವೆ. ಎಲ್ಲಕ್ಕಿಂತ ಹೆಚ್ಚಾಗಿ ಅದರ ವ್ಯಾಕರಣ ಸರಿಯಾಗಿದೆ. ಕನ್ನಡದಲ್ಲಿ ಯಾರೂ 'ನಾನು ಹೊಳೆದೆ' ಎಂದು ಈ ಅರ್ಥದಲ್ಲಿ ಹೇಳುವುದಿಲ್ಲ. 'ನನಗೆ ಹೊಳೆಯಿತು' ಎನ್ನುತ್ತೇವೆ. ತೋಚಿತು, ತಟ್ಟಿತು, ಅನ್ನಿಸಿತು, ಎಲ್ಲವೂ 'ನನಗೆ'. ನಾನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ಸರಿದು ನಿಂತಿರುತ್ತೇನೆ. ಕೆಲಸ ಮಾಡುವುದು ಹೊಳೆದದ್ದು.

ಈ ಕ್ರಿಯಾಪದದ ಎರಡೂ ಅರ್ಥ ಒಂದೇ ಕಡೆ ಕೂಡಿದ ಕತೆ ಕನ್ನಡದಲ್ಲೇ ಇದೆ, ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ. ಮದ್ದಳೆ ಬಾರಿಸುತ್ತಿದ್ದ ಅಲ್ಲಮ ಹೆಂಡತಿ ಕಾಮಲತೆ ಜ್ವರದಿಂದ ತೀರಿಕೊಂಡ ಮೇಲೆ ದುಃಖದಲ್ಲಿ ಮರುಳನಂತೆ ಅಲೆಯುತ್ತಾನೆ. ಒಂದು ತೋಪಿನಲ್ಲಿ ಕೂತು, ಏನೂ ಯೋಚಿಸದೆ ಕಾಲುಗುರಿನಿಂದ ನೆಲ ಕೆರೆಯುತ್ತಾನೆ. ಮಣ್ಣಿನಡಿ ಏನೋ ಹೊಳೆಯುತ್ತದೆ. ಅದು ಚಿನ್ನದ ಕಳಶ. ಅಗೆಸಿದರೆ ಕಳಶದ ಕೆಳಗೆ ಶಿಖರ, ಶಿಖರದ ಕೆಳಗೆ ಇಡೀ ಗುಡಿ. ಮುಚ್ಚಿದ ಬಾಗಿಲು ತೆರೆದು ಒಳಗೆ ಹೋಗುತ್ತಾನೆ. ಅಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಒಬ್ಬ ಕೂತಿದ್ದಾನೆ. ರೆಪ್ಪೆ ಮಿಟುಕಿಸದೆ ಕೂತ ಆತನ ಹೆಸರು ಅನಿಮಿಷಯ್ಯ.